ಒಂದು ಹೊರಗಿದೆ

ನಮ್ಮ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಗೂ ಸೊಪ್ಪು ಹಾಕದ ನರ್ಸುಗಳಿದ್ದರು. ಅಂಥವರೂ ನೆಲಮಾಳಿಗೆಯ ಬಟ್ಟೆ ಕೋಣೆಯ ಬಾಗಿಲಿಗೆ ಬಂದಾಗ ದನಿ ತಗ್ಗಿಸುತ್ತಿದ್ದರು. ಒಳಗೆ ಬೆಡ್‌ಶೀಟ್ ಅಕ್ಕ ಕೂತಿರುತ್ತಿದ್ದರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದನ್ನು ಇನ್ನೆಲ್ಲೂ ಯಾರೂ ಬಳಸಿದ್ದು ನಾನು ಕಂಡಿಲ್ಲ. ಮೂವತ್ತೊಂದು ವರ್ಷ ಆ ಕೋಣೆಯನ್ನು ನಡೆಸಿದರು. ಅದರಲ್ಲಿ ಹತ್ತೊಂಬತ್ತು ವರ್ಷ ನಾನು ಅವರ ಕೈಕೆಳಗಿದ್ದು ಬೈಸಿಕೊಂಡೆ. ಬೈಸಿಕೊಂಡ ಮೇಲೆ ಅವರ ಡಬ್ಬಿಯಿಂದಲೇ ತಿಂದೆ.

ಕೆಲಸ ಹೇಳುವುದಕ್ಕೆ ಸುಲಭ. ವಾರ್ಡುಗಳಿಗೆ ಬೆಡ್‌ಶೀಟು, ದಿಂಬಿನ ಕವರು, ಟವೆಲು, ರೋಗಿಗಳು ತೊಡುವ ಅಂಗಿ ಕೊಡಬೇಕು. ಕೊಳೆಯಾದದ್ದು ಲಾಂಡ್ರಿಗೆ ಹೋಗಿ ಒಗೆದು ಬಂದ ಮೇಲೆ ಎಣಿಸಿ ಕಪಾಟಿಗೆ ಸೇರಿಸಬೇಕು. ಪ್ರತಿಯೊಂದರ ಮೂಲೆಯಲ್ಲೂ ಹೋಗದ ಶಾಯಿಯಲ್ಲಿ ಒಂದು ನಂಬರು. ಒಮ್ಮೆ ಮುನ್ನೂರ ಹನ್ನೆರಡನೇ ನಂಬರಿನ ಬೆಡ್‌ಶೀಟು ಹನ್ನೊಂದು ದಿನ ಪತ್ತೆಯಿರಲಿಲ್ಲ. ಅಕ್ಕ ಆರು ಮಹಡಿ ಹತ್ತಿ ಇಳಿದು, ಕೊನೆಗೆ ಡಾಕ್ಟರುಗಳು ವಿಶ್ರಾಂತಿ ತೆಗೆದುಕೊಳ್ಳುವ ಕೋಣೆಗೆ ನುಗ್ಗಿ, ಅಲ್ಲಿ ಕಿಟಕಿಗೆ ಪರದೆಯಾಗಿ ನೇತಾಡುತ್ತಿದ್ದ ಅದನ್ನು ಎಳೆದುಕೊಂಡು ಬಂದರು. ಸೋಫಾದ ಮೇಲೆ ಮಲಗಿದ್ದ ಡಾಕ್ಟರಿಗೆ ಮುಖದ ಮೇಲೆ ಬಿಸಿಲು ಬಿದ್ದು ಎಚ್ಚರವಾಯಿತಂತೆ. ಆ ಕತೆ ಆಸ್ಪತ್ರೆಯಲ್ಲಿ ಒಂದು ವರ್ಷ ಓಡಿತು.

ಅವರ ರಿಜಿಸ್ಟರಿಗೆ ಒಂದೇ ನಿಯಮ. ಹೊರಗೆ ಹೋದ ಪ್ರತಿ ಕಟ್ಟಿಗೂ ಒಂದು ಸಾಲು. ಅದು ವಾಪಸು ಬಂದ ಕೂಡಲೇ ಆ ಸಾಲಿನ ಮೇಲೆ ಕೆಂಪು ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಒಂದು ಗೆರೆ, ಪಕ್ಕದಲ್ಲಿ ಗಂಟೆ. ನಾನು ಹೊಸದಾಗಿ ಸೇರಿದ ದಿನ ಹೇಳಿದ್ದರು: "ಬಂದಿದ್ದಕ್ಕೆ ಗೆರೆ ಎಳೆದು ಬಿಟ್ಟುಬಿಡು. ಬರದೇ ಇರೋದನ್ನ ಮಾತ್ರ ತಲೇಲಿ ಇಟ್ಕೋ. ಎಲ್ಲಾನೂ ಇಟ್ಕೊಂಡ್ರೆ ತಲೆ ಅನ್ನೋದು ಗೋಡೌನ್ ಆಗುತ್ತೆ." ಸಂಜೆ ಬಾಗಿಲು ಹಾಕುವ ಮುಂಚೆ ಪುಟದ ಮೇಲೆ ಬೆರಳಾಡಿಸುತ್ತಿದ್ದರು. ಗೆರೆ ಬೀಳದ ಸಾಲು ಸಿಕ್ಕಿದರೆ, "ಒಂದು ಹೊರಗಿದೆ" ಅನ್ನುವರು. ಅದು ಬರುವ ತನಕ ಬೀಗದ ಕೈ ಕೈಗೆ ಬರುತ್ತಿರಲಿಲ್ಲ. ನನಗೆ ಎಷ್ಟು ಸಂಜೆ ತಡವಾಗಿದೆಯೋ.

ಭಾವ, ಅಂದರೆ ಅಕ್ಕನ ಗಂಡ, ಅದೇ ಆಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದರು. ಬಟ್ಟೆಯ ಟ್ರಾಲಿ ಬರುತ್ತಿದೆ ಎಂದರೆ ಮೇಲಿನ ಮಹಡಿಯವರು ಎಷ್ಟೇ ಬೆಲ್ಲು ಒತ್ತಲಿ, ಬಾಗಿಲು ಹಿಡಿದು ನಿಲ್ಲುವರು. ಮದುವೆ ಹಾಗೆಯೇ ಆದದ್ದು. "ಜೀವನ ಪೂರ್ತಿ ಓಡಾಡಿದಾರೆ ನಿಮ್ಮ ಭಾವ, ಎಲ್ಲಿಗೂ ಹೋಗಿಲ್ಲ" ಎಂದು ಅಕ್ಕ ಛೇಡಿಸುತ್ತಿದ್ದರು. ನಿವೃತ್ತಿಯಾದ ಮೇಲೂ ಭಾವನಿಗೆ ಒಂದು ಚಾಳಿ ಉಳಿಯಿತು. ಗುಂಡಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಫ್ಯಾನಿನದು, ಮಿಕ್ಸಿಯದು, ಬೇರೆಯವರ ಮನೆಯ ಕರೆಗಂಟೆಯದು, ಯಾವುದಾದರೂ ಸರಿ. ಇದನ್ನು ನಾನು ನಗಿಸಲು ಹೇಳುತ್ತಿಲ್ಲ. ಮುಂದೆ ಬರುತ್ತದೆ.

ಅವರಿಗೆ ಮಕ್ಕಳಿಲ್ಲ. ಆಸ್ಪತ್ರೆಯಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಆ ಕಟ್ಟಡದಲ್ಲಿ ಲಿಫ್ಟಿಲ್ಲ. ಅಕ್ಕನಿಗೆ ಅದೂ ಒಂದು ತಮಾಷೆ. ನಾನಿರುವುದು ಪಕ್ಕದ ಬೀದಿಯಲ್ಲಿ. ಭಾನುವಾರದ ಮಧ್ಯಾಹ್ನಗಳನ್ನು ಅಲ್ಲೇ ಕಳೆಯುತ್ತಿದ್ದೆ.

ಅಂಥದೊಂದು ಭಾನುವಾರ, ಅಕ್ಕ ನಿವೃತ್ತಿಯಾಗಿ ಬಟ್ಟೆ ಕೋಣೆ ನನ್ನ ಕೈಗೆ ಬಂದು ಮೂರು ವರ್ಷವಾಗಿತ್ತು, ಇಬ್ಬರೂ ಒಣಗಿದ ಬಟ್ಟೆ ಮಡಿಸುತ್ತಿದ್ದೆವು. ಅಕ್ಕ ಕೈಯಲ್ಲೊಂದು ದಿಂಬಿನ ಕವರು ಹಿಡಿದು ನಿಂತುಬಿಟ್ಟರು.

"ಇದು... ದಿಂಬಿಗೆ ಹಾಕ್ತಾರಲ್ಲ, ಅದು. ಏನಂತಾರೆ ಇದಕ್ಕೆ?"

ನಾನು ನಕ್ಕೆ. ಮೂವತ್ತೊಂದು ವರ್ಷ ದಿಂಬಿನ ಕವರು ಎಣಿಸಿದ ಹೆಂಗಸು ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಮುಖ ನೋಡಿದೆ. ಅಕ್ಕನ ಕಣ್ಣಲ್ಲಿ ಹೆದರಿಕೆ ಇತ್ತು. ಆ ಹೆದರಿಕೆಯನ್ನು ನಾನು ಅಲ್ಲಿ ಅದೇ ಮೊದಲ ಸಲ ನೋಡಿದ್ದು.

ಪರೀಕ್ಷೆಗಳಾದವು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ನೆನಪು ಒಂದೊಂದಾಗಿ ಹೋಗುತ್ತದೆ, ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದರು. ತಲೆ ಸ್ವಚ್ಛವಿರುವಾಗಲೇ, ಮರೆಯಬಾರದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಮುಂದೆ ದಿನಾ ಓದಿಕೊಳ್ಳಬಹುದು ಎಂದರು. ಅಕ್ಕ ಕಾಗದ ಬೇಡ ಅಂದರು. ಎಲ್ಲಿಟ್ಟೆ ಎನ್ನುವುದೇ ಮರೆತು ಹೋಗುತ್ತದಲ್ಲ. ಫೋನಾದರೆ ಭಾವ ರಿಂಗ್ ಕೊಟ್ಟು ಹುಡುಕಬಹುದು.

ಹಾಗಾಗಿ ಪಟ್ಟಿ ಬರೆಯುವ ಒಂದು ಆ್ಯಪ್ ಅನ್ನು ಅಕ್ಕನ ಫೋನಿಗೆ ಹಾಕಿಕೊಟ್ಟವಳು ನಾನೇ. ಆಸ್ಪತ್ರೆಯಲ್ಲಿ ನಮ್ಮ ಬಟ್ಟೆ ಸ್ಟೋರಿನ ಲೆಕ್ಕಕ್ಕೂ ಅದೇ ಇತ್ತು. ಭಾವನ ಫೋನನ್ನೂ ಅದಕ್ಕೆ ಜೋಡಿಸಿದೆ. ಇದರಲ್ಲಿ ಬರೆದದ್ದು ಕ್ಲೌಡ್ ಅಂತ ಎಲ್ಲೋ ಒಂದು ಕಡೆ ಇರುತ್ತದೆ, ಇಬ್ಬರ ಫೋನಿನಲ್ಲೂ ಕಾಣುತ್ತದೆ ಎಂದು ವಿವರಿಸಿದೆ. ಭಾವ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಅಂದ್ರೆ ಲಿಫ್ಟ್ ಥರ. ಡಬ್ಬ ಒಂದೇ, ಬಾಗಿಲು ಮಾತ್ರ ಎಲ್ಲ ಮಹಡೀಲೂ" ಅಂದರು. ಅದಕ್ಕಿಂತ ಚೆನ್ನಾಗಿ ಅದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅಕ್ಕ ನಾಲ್ಕು ತಿಂಗಳು ಬರೆದರು. ಪ್ರತಿದಿನ ಟೀ ಆದ ಮೇಲೆ ಕಿಟಕಿಯ ಪಕ್ಕ ಕೂತು, ಒಂದೇ ಬೆರಳಲ್ಲಿ. ತಮಗೆ ತಾವೇ "ನೀನು" ಎಂದುಕೊಂಡು ಬರೆಯುತ್ತಿದ್ದರು, ಮುಂದೊಂದು ದಿನ ಆ ಮನೆಗೆ ಬರುವ ಯಾವಳೋ ದಡ್ಡಿಗೆ ಚಾರ್ಜು ಒಪ್ಪಿಸುವವರ ಹಾಗೆ. ನನಗೆ ಕೆಲವನ್ನು ಓದಿ ಹೇಳಿದ್ದರು. "ಗ್ಯಾಸ್ ಆರಿಸಿದ್ದೀಯಾ ಅಂತ ಮೂರು ಸಲ ನೋಡಬೇಡ, ಎರಡು ಸಲ ಸಾಕು." "ಊಟದ ತಟ್ಟೆ ಪಕ್ಕಕ್ಕೆ ತಳ್ಳಿದರೆ ಅದು ನಿನ್ನ ಮೇಲಿನ ಸಿಟ್ಟಲ್ಲ, ಇವರಿಗೆ ಹಲ್ಲುನೋವು." "ಭಾನುವಾರ ಬರುವವಳು ತಂಗಿಯಲ್ಲ, ತಂಗಿಗಿಂತ ಹೆಚ್ಚು. ಬಾಯಿ ಜೋರು, ಬೇಜಾರು ಮಾಡಿಕೊಳ್ಳಬೇಡ." ಈ ಕೊನೆಯದನ್ನು ಓದುವಾಗ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಿದ್ದರು.

ಭಾವನಿಗೆ ಮಾತ್ರ ಓದಲು ಬಿಡಲಿಲ್ಲ. "ನಾನು ಮರೆತ ಮೇಲೆ ಓದಿ. ಮೊದಲನೇ ಸಾಲೇ ನಿಮ್ಮದು. ಈಗಲೇ ಓದಿಬಿಟ್ರೆ ನಿಮ್ಮನ್ನ ಹಿಡಿಯೋರು ಯಾರು?" ಭಾವ ಮಾತು ಕೊಟ್ಟರು. ಪಟ್ಟಿಯ ನೆತ್ತಿಯ ಮೇಲೆ ಎಷ್ಟು ಸಾಲಾಯಿತು ಎಂಬ ಸಂಖ್ಯೆ ಕಾಣುತ್ತಿತ್ತು. ಅದನ್ನಷ್ಟೇ ನೋಡಿ ಫೋನು ಮುಚ್ಚುತ್ತಿದ್ದರು. ಅದು ಇನ್ನೂರ ಹದಿನಾಲ್ಕಕ್ಕೆ ಬಂದು ನಿಂತಿತು. "ಸಾಕು. ಇಷ್ಟೇ ಇದ್ದಿದ್ದು" ಅಂದರು ಅಕ್ಕ.

ಅದೇ ವಾರ ಆ ಫೋನು ಕೈಜಾರಿ ಬಿದ್ದು ಗಾಜು ಬಿರುಕು ಬಿಟ್ಟಿತು. ನಾನು ಹೊಸದೊಂದು ತಂದು ಅದರಲ್ಲಿ ಅಕ್ಕನ ಖಾತೆ ತೆರೆದೆ. ಇನ್ನೂರ ಹದಿನಾಲ್ಕೂ ತಾವಾಗಿ ಬಂದು ಕೂತವು. ಹಳೆಯದನ್ನು ಆಫ್ ಮಾಡಿ ಮೇಜಿನ ಡ್ರಾಯರಿಗೆ ಹಾಕಿದೆವು. ಹೊಸ ಫೋನಿನಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ಯಾರೂ ಕೇಳಿರಲಿಲ್ಲ. "ಮುಗಿದವನ್ನು ಪಟ್ಟಿಯಿಂದ ತೆಗೆದುಹಾಕು" ಎಂದಿದ್ದ ಕಡೆ ಒತ್ತಿಬಿಟ್ಟೆ. ನಮ್ಮ ಸ್ಟೋರಿನ ಪಟ್ಟಿಗೆ ಹಾಗೇ ಇತ್ತು, ನೋಡಲು ಅಚ್ಚುಕಟ್ಟು. ಅಚ್ಚುಕಟ್ಟಿನ ಹುಚ್ಚು ನನಗೆ ಹಿಡಿಸಿದ್ದೂ ಅಕ್ಕನೇ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭಾವ ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಓಡಿ ಬಂದಿದ್ದರು. ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಸಂಖ್ಯೆ ಅರವತ್ತೊಂದು.

"ನಾನೇನೂ ಮುಟ್ಟಿಲ್ಲಮ್ಮ. ಆಣೆಗೂ ಮುಟ್ಟಿಲ್ಲ. ಸುಮಾರು ದಿನದಿಂದ ನೋಡಿರಲಿಲ್ಲ, ಇವತ್ತು ನೋಡಿದ್ರೆ ಇಷ್ಟಾಗಿದೆ. ಎಲ್ಲಿಗೆ ಹೋಯ್ತು ಮಿಕ್ಕಿದ್ದು?"

ಮಾರನೆಯ ದಿನ ರಜೆ ಹಾಕಿ ಟೀ ಹೊತ್ತಿಗೆ ಅವರ ಮನೆಗೆ ಹೋಗಿ ಸುಮ್ಮನೆ ಕೂತೆ. ಅಕ್ಕ ಕಿಟಕಿಯ ಪಕ್ಕ ಫೋನು ಹಿಡಿದು ಓದುತ್ತಿದ್ದರು. ಒಂದು ಸಾಲು ಓದುವುದು, ತಲೆಯೆತ್ತಿ ಗೋಡೆ ನೋಡುವುದು, ತುಟಿ ಅಲ್ಲಾಡಿಸುವುದು. ಕೆಲವಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಒಂದು ಸಾಲು ಓದಿದಾಗ ಮುಖ ಅರಳಿತು. "ಹಾಂ, ಇದು ಬಂತು" ಎಂದು, ಬೆರಳನ್ನು ಸಾಲಿನ ಮೇಲೆ ಎಡದಿಂದ ಬಲಕ್ಕೆ ಎಳೆದರು.

ಆ ಆ್ಯಪ್‌ನಲ್ಲಿ ಹಾಗೆ ಎಳೆದರೆ ಆ ಕೆಲಸ ಮುಗಿಯಿತು ಎಂದರ್ಥ. ಮುಗಿದದ್ದು ಕಸದ ಬುಟ್ಟಿಗೆ. ಬುಟ್ಟಿಯಲ್ಲಿ ಮೂವತ್ತು ದಿನ. ಆಮೇಲೆ ಇಲ್ಲ.

"ಏನು ಮಾಡ್ತಿದೀರಿ ಅಕ್ಕ?"

"ಗೆರೆ ಎಳೀತಿದೀನಿ. ನೆನಪಿಗೆ ಬಂದಿದ್ದನ್ನ ಮತ್ತೆ ಯಾಕೆ ಇಟ್ಕೊಳ್ಳೋದು? ಬರದೇ ಇರೋದನ್ನ ನೋಡಿದ್ರೆ ಸಾಕಲ್ಲ." ನಾನೇನೋ ಹೊಸಬಳು ಎನ್ನುವ ಹಾಗೆ ನನ್ನನ್ನು ನೋಡಿದರು. "ಎಷ್ಟು ಸಲ ಹೇಳಿಕೊಡೋದು ನಿಂಗೆ?"

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೆನಪಿದ್ದುದನ್ನೆಲ್ಲ ಅವರೇ ದಿನವೂ ಅಳಿಸುತ್ತ ಬಂದಿದ್ದರು. ಇವತ್ತು ನೆನಪಿದೆ ಎಂದು ತೆಗೆದದ್ದು ನಾಳೆ ನೆನಪಿಲ್ಲ. ನಾಳೆ ನೋಡಲು ಪಟ್ಟಿಯಲ್ಲೂ ಇಲ್ಲ. ಬೇರೆ ಯಾರಾದರೂ ಇದ್ದಿದ್ದರೆ ಆ ಪಟ್ಟಿ ಹಾಗೇ ಇರುತ್ತಿತ್ತು. ಮೂವತ್ತೊಂದು ವರ್ಷ ಒಂದೂ ತಪ್ಪದೆ ಕೆಲಸ ಮಾಡಿದ ಕೈಯೇ ಇದನ್ನು ಮಾಡಿತ್ತು.

ಕಸದ ಬುಟ್ಟಿ ತೆರೆದೆ. ತೊಂಬತ್ತೇಳು ಸಾಲು ಸಿಕ್ಕವು. ಒಂದೊಂದನ್ನೂ ಒತ್ತಿ ವಾಪಸು ತಂದೆ, ಇನ್ನು ಅಳಿಸಲಾಗದಂತೆ ಬೀಗ ಹಾಕಿದೆ. ಅರವತ್ತೊಂದು, ತೊಂಬತ್ತೇಳು, ಒಟ್ಟು ನೂರ ಐವತ್ತೆಂಟು. ಐವತ್ತಾರು ಇಲ್ಲ. ಅವು ಮೂವತ್ತು ದಿನಕ್ಕಿಂತ ಮುಂಚೆ ಹೋದವು. ಭಾವ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಈಗ ಮಾತು ಮುರಿದರೂ ಪರವಾಗಿಲ್ಲ ಎಂದು ನಾನೇ ಹೇಳಿದ ಮೇಲೆ ಓದತೊಡಗಿದರು. ಎರಡು ಸಲ ಮೇಲಿಂದ ಕೆಳಗೆ ಹೋದರು.

"ನನ್ನದು ಎಲ್ಲಿದೆ? ಮೊದಲನೇದು?"

ಇರಲಿಲ್ಲ. ಗ್ಯಾಸಿನ ಸಾಲಿತ್ತು. ಹಲ್ಲುನೋವಿನ ಸಾಲಿತ್ತು. ನನ್ನ ಬಾಯಿ ಜೋರು ಎಂಬುದು ಇತ್ತು. ಚೆನ್ನಾಗಿ ನೆನಪಿದ್ದವೇ ಮೊದಲು ಹೋಗಿದ್ದವು. ಹೊಸ ಫೋನು ಬಂದ ಮೊದಲ ಬೆಳಿಗ್ಗೆಯೇ ಅಕ್ಕ ಮೊದಲನೇ ಸಾಲು ಓದಿ, ತಲೆಯೆತ್ತಿ, ಎದುರಿಗೆ ಪೇಪರು ಹಿಡಿದು ಕೂತಿದ್ದ ಮನುಷ್ಯನನ್ನು ನೋಡಿ, ಬೆರಳು ಎಳೆದಿರಬೇಕು. ನಾನು ಇದನ್ನು ಭಾವನಿಗೆ ಹೇಳಿದೆ. ಸಮಾಧಾನವಾಗಲಿ ಎಂದು ಹೇಳಿದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು. ಆಮೇಲೆ ಮಕ್ಕಳ ಹಾಗೆ, "ಆದ್ರೂ ಏನು ಬರೆದಿದ್ದಳು?" ಎಂದು ಕೇಳಿದರು.

ಅಕ್ಕನನ್ನೇ ಕೇಳಿದೆವು. "ಎಲ್ಲಾ ಅದರಲ್ಲೇ ಇದೆಯಲ್ಲ, ನೋಡ್ಕೊಳ್ಳಿ" ಅಂದರು.

ಆ್ಯಪ್ ಕಂಪನಿಗೆ ಬರೆದೆ. ತುಂಬ ವಿನಯದ ಉತ್ತರ ಬಂತು. ಮೂವತ್ತು ದಿನ ದಾಟಿದ್ದನ್ನು ನಾವೂ ತರಲಾರೆವು, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಅನಾನುಕೂಲವಂತೆ. ಆ ಉತ್ತರ ಬರೆದವನು ಕೈಗೆ ಸಿಕ್ಕಿದ್ದರೆ ಒದ್ದೆ ಬೆಡ್‌ಶೀಟಿನಲ್ಲಿ ಸುತ್ತಿ ಹಿಂಡುತ್ತಿದ್ದೆ.

ಗುರುವಾರ ಮಧ್ಯಾಹ್ನ, ಲಾಂಡ್ರಿಯ ಕಟ್ಟು ಬಿಚ್ಚುತ್ತಿದ್ದಾಗ, ಹಳೆಯ ಫೋನು ನೆನಪಾಯಿತು. ಪಟ್ಟಿ ತುಂಬಿದ್ದಾಗ ಆಫ್ ಆದ ಫೋನು. ಒಂದು ಗೆರೆಯೂ ಬೀಳುವ ಮುಂಚೆ ಡ್ರಾಯರು ಸೇರಿದ್ದು. ಅದರ ಹೊಟ್ಟೆಯಲ್ಲಿ ಇನ್ನೂರ ಹದಿನಾಲ್ಕೂ ಇನ್ನೂ ಇರಬೇಕು. ಅದನ್ನು ಇಂಟರ್ನೆಟ್ ಸುಳಿಯದ ಕಡೆ ತೆರೆದರೆ ಓದಿ ಬರೆದುಕೊಳ್ಳಬಹುದು. ಇಂಟರ್ನೆಟ್ ಸಿಕ್ಕಿತೋ, ಕ್ಲೌಡಿನಲ್ಲಿ ಇಲ್ಲದ್ದನ್ನು ಅದೂ ಅಳಿಸಿಬಿಡುತ್ತದೆ. ಭಾವನಿಗೆ ಫೋನು ಮಾಡಿದೆ.

"ಹಳೇ ಫೋನ್ ಡ್ರಾಯರ್‌ನಲ್ಲೇ ಇದೆಯಾ?"

"ಇದೆ. ಯಾಕಮ್ಮ?"

"ಅದರಲ್ಲಿ ನಿಮ್ಮ ಸಾಲು ಇರಬಹುದು ಭಾವ. ಮುಟ್ಟಬೇಡಿ. ಶನಿವಾರ ನಾನೇ ಬರ್ತೀನಿ."

"ಯಾಕೆ ಮುಟ್ಟಬಾರದು?"

ಬಾಗಿಲಲ್ಲಿ ಎರಡು ವಾರ್ಡಿನವರು ಟ್ರಾಲಿ ಹಿಡಿದು ಗೊಣಗುತ್ತಿದ್ದರು. "ಬಂದಾಗ ಹೇಳ್ತೀನಿ" ಎಂದು ಇಟ್ಟುಬಿಟ್ಟೆ.

ಎಷ್ಟು ಸಲ ಆ ಮಾತನ್ನು ನೆನೆದು ಹಲ್ಲು ಕಚ್ಚಿದ್ದೇನೆ. ಅರ್ಧ ನಿಮಿಷದ ಕೆಲಸ. ಲಿಫ್ಟಿನ ಭಾಷೆಯಲ್ಲೇ ಹೇಳಬಹುದಿತ್ತು. ಆ ಮಹಡಿಗೆ ಲಿಫ್ಟು ಇನ್ನೂ ಬಂದಿಲ್ಲ ಭಾವ, ಅದಕ್ಕೇ ಸಾಮಾನು ಅಲ್ಲೇ ಉಳಿದಿದೆ, ಗುಂಡಿ ಒತ್ತಿ ಕರೆಯಬೇಡಿ. ಇಷ್ಟು ಹೇಳಿದ್ದರೆ ಅವರಿಗೆ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಅಥವಾ ಅವತ್ತು ಸಂಜೆಯೇ ಹೋಗಬಹುದಿತ್ತು, ಎರಡೇ ಬೀದಿ. ನನಗೆ ಶುಕ್ರವಾರ ಸ್ಟೋರಿನ ತಪಾಸಣೆ ಇತ್ತು. ತಪಾಸಣೆಯಲ್ಲಿ ಹೊಗಳಿಸಿಕೊಂಡೆ.

ಶನಿವಾರ ನಾನು ಮೆಟ್ಟಿಲು ಹತ್ತಿ ಹೋದಾಗ ಭಾವ ಬಾಗಿಲು ತೆರೆದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಬಿರುಕು ಬಿಟ್ಟ ಫೋನು. ಅದಕ್ಕೆ ಚಾರ್ಜರಿನ ವಯರು. ನಾನು ಕೇಳುವ ಮುಂಚೆ ಅವರೇ ಹೇಳಿದರು.

"ಬರೀ ಚಾರ್ಜ್ ಮಾಡೋಣ ಅಂದ್ಕೊಂಡೆ, ನೀನು ಬರೋಷ್ಟೊತ್ತಿಗೆ ರೆಡಿ ಇರಲಿ ಅಂತ. ಪಕ್ಕದಲ್ಲಿ ಗುಂಡಿ ಇತ್ತು." ತಮ್ಮ ಹೆಬ್ಬೆರಳನ್ನು ಯಾರದೋ ಬೆರಳು ಎಂಬಂತೆ ನೋಡಿಕೊಂಡರು. "ಆನ್ ಆಯ್ತು. ಪಟ್ಟಿ ತೆರೆದೆ. ಇನ್ನೂರ ಹದಿನಾಲ್ಕು ಅಂತ ತೋರಿಸ್ತು ನೋಡು, ನಂಗೆ ಕುಣಿಯೋ ಹಾಗಾಯ್ತು. ಕನ್ನಡಕ ಇರಲಿಲ್ಲ. ಒಳಗಿಂದ ತಂದು ಹಾಕ್ಕೊಂಡೆ. ಓದೋಕೆ ಶುರು ಮಾಡಿದೆ. ನಾನು ನಿಧಾನ, ನಿಂಗೆ ಗೊತ್ತಲ್ಲ."

ಮನೆಯ ವೈಫೈ ಆ ಫೋನಿಗೆ ಹಳೆಯ ಪರಿಚಯ. ಕರೆಯದೆಯೇ ಬಂದು ಜೋಡಿಸಿಕೊಂಡಿತ್ತು.

"ಎಷ್ಟು ಓದಿದ್ರಿ?"

"'ಇವರು ನಿನ್ನ ಗಂಡ. ಲಿಫ್ಟ್ ನಡೆಸ್ತಿದ್ದರು. ಇವರನ್ನ ಕಂಡಾಗ ನೀನು'... ಅಷ್ಟೇ. ಕಣ್ಣೆದುರಿಗೇ ಹೋಯ್ತು. ಕೆಳಗಿಂದು ಮೇಲಕ್ಕೆ ಬಂತು. ಗ್ಯಾಸ್ ಆರಿಸಿದ್ದೀಯಾ ಅಂತಿತ್ತು."

ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಬೈಯಬೇಕು ಅನ್ನಿಸಿತು, ಯಾರನ್ನು ಎಂದು ತಿಳಿಯಲಿಲ್ಲ. "ತಪ್ಪು ನಂದು ಭಾವ. ಯಾಕೆ ಮುಟ್ಟಬಾರದು ಅಂತ ಒಂದು ಮಾತು ಹೇಳ್ಬೇಕಿತ್ತು. ಹೇಳಲಿಲ್ಲ" ಅಂದೆ.

"ಹೇಳಿದ್ರೂ ಒತ್ತುತಿದ್ದೆ ಬಿಡು. ನಿಮ್ಮಕ್ಕ ಅದಕ್ಕೇ ತಾನೇ ನಂಗೆ ಓದೋಕೆ ಕೊಡದೇ ಇದ್ದಿದ್ದು." ಸುಳ್ಳು ಹೇಳಿದರು. ನನ್ನ ಮೇಲಿನ ಅಕ್ಕರೆಗೆ ಹೇಳಿದ ಸುಳ್ಳು ಎಂದು ನನಗೆ ಗೊತ್ತಾಯಿತು. ಒಳಕೋಣೆಯಿಂದ ಅಕ್ಕ, "ಯಾರು ಬಂದಿದ್ದು?" ಎಂದು ಕೂಗಿದರು. ಭಾನುವಾರ ಬರುವವಳು ಎಂದು ಭಾವ ಹೇಳಿದರು. ಇವತ್ತು ಭಾನುವಾರವಾ ಎಂದು ಅಕ್ಕ ಗಾಬರಿಯಾದರು.

ಫೋನಿನ ಸಹವಾಸ ಸಾಕಾಯಿತು. ಬಟ್ಟೆ ಕೋಣೆಯಿಂದ ಒಂದು ಹೊಸ ರಿಜಿಸ್ಟರು ತಂದೆ, ನೀಲಿ ರಟ್ಟಿನದು, ಅಕ್ಕ ಬಳಸುತ್ತಿದ್ದಂಥದೇ. ಉಳಿದಿದ್ದ ನೂರ ಐವತ್ತೆಂಟು ಸಾಲನ್ನೂ ನಾನೂ ಭಾವನೂ ಎರಡು ದಿನ ಕೂತು ಅದಕ್ಕೆ ಇಳಿಸಿದೆವು. ಮೊದಲ ಪುಟದ ಮೊದಲ ಸಾಲಿನಲ್ಲಿ ಭಾವ ತಾವೇ ಬರೆದರು, ಓದಿದಷ್ಟನ್ನು. ಇವರನ್ನು ಕಂಡಾಗ ನೀನು. ಮುಂದೆ ಖಾಲಿ ಬಿಟ್ಟರು.

ಆ ಖಾಲಿ ಜಾಗ ತುಂಬಿಸುವುದೇ ಅವರ ಬದುಕಾಯಿತು. ದಿನಾ ಬೆಳಿಗ್ಗೆ ಟೀ ಕೊಡುತ್ತ ಕೇಳುವರು, "ನನ್ನನ್ನ ಕಂಡಾಗ ನೀನು ಏನು ಮಾಡಬೇಕು, ಹೇಳು ನೋಡೋಣ." ಒಂದು ದಿನ ಅಕ್ಕ, "ಟ್ರಾಲಿ ಒಳಗೆ ತಳ್ಳಬೇಕು" ಅಂದರು. ಒಂದು ದಿನ, "ನಗಬಾರದು, ನಕ್ಕರೆ ತಲೆ ಮೇಲೆ ಕೂರ್ತೀರಿ" ಅಂದರು. ಅವತ್ತು ಭಾವ ನನ್ನ ಕೋಣೆಯ ತನಕ ನಡೆದು ಬಂದು ಅದನ್ನು ಹೇಳಿ ಹೋದರು. ಆದರೆ ಪುಸ್ತಕದಲ್ಲಿ ಬರೆಯಲಿಲ್ಲ. ಇದಲ್ಲ ಅದು, ಅದು ಬೇರೆ ಏನೋ ಇತ್ತು ಅಂದರು. ಬರಬರುತ್ತ ಅಕ್ಕನ ಉತ್ತರಗಳು ಸಣ್ಣವಾದವು. ಕೊನೆಕೊನೆಗೆ, "ಎಷ್ಟನೇ ಮಹಡಿ?" ಎಂದಷ್ಟೇ ಕೇಳುತ್ತಿದ್ದರು. ಭಾವ, "ಮೂರನೇದು" ಅನ್ನುವರು.

ಒಂದೂವರೆ ವರ್ಷ ಹೀಗೆ ಹೋಯಿತು. ಅಕ್ಕನಿಗೆ ಓದಲು ಬರುತ್ತಿತ್ತು, ಓದಿದ್ದು ಯಾರ ಬಗ್ಗೆ ಎಂದು ತಿಳಿಯುತ್ತಿರಲಿಲ್ಲ. ಪುಟದ ಮೇಲೆ ಬೆರಳಾಡಿಸುವುದು ಮಾತ್ರ ಬಿಟ್ಟಿರಲಿಲ್ಲ. ಕೆಂಪು ಪೆನ್ಸಿಲನ್ನು ರಿಜಿಸ್ಟರಿನ ಬೆನ್ನಿಗೆ ದಾರದಲ್ಲಿ ಕಟ್ಟಿದ್ದೆ. ಕಾಗದದ ಮೇಲೆ ಗೆರೆ ಎಳೆದರೆ ಏನೂ ಹೋಗುವುದಿಲ್ಲ ಎಂಬ ಧೈರ್ಯ. ಒಂದೊಂದಾಗಿ ಎಳೆಯುತ್ತಲೇ ಇದ್ದರು, ಮೊದಮೊದಲು ನೆನಪಿನಿಂದ, ಆಮೇಲಾಮೇಲೆ ಬರೀ ಅಭ್ಯಾಸದಿಂದ. ಪುಟಗಳೆಲ್ಲ ಕೆಂಪಾದವು. ಮೊದಲ ಸಾಲನ್ನು ಮಾತ್ರ ಮುಟ್ಟಲಿಲ್ಲ. ಅರ್ಧ ಬರೆದ ಸಾಲಿಗೆ ಬಟ್ಟೆ ಕೋಣೆಯಲ್ಲೂ ಅವರು ಗೆರೆ ಎಳೆದವರಲ್ಲ.

ಆ ವರ್ಷ ಭಾವನಿಗೆ ಹರ್ನಿಯಾ ಆಪರೇಷನ್ ಆಯಿತು. ನಮ್ಮ ಆಸ್ಪತ್ರೆಯಲ್ಲೇ, ಮೂರು ದಿನ. ನಾನು ಅಕ್ಕನ ಜೊತೆ ಉಳಿದೆ. ಮೊದಲ ದಿನ ಭಾವನನ್ನು ಕೇಳುತ್ತಾರೇನೋ ಎಂದು ಕಾದೆ, ಕೇಳಲಿಲ್ಲ. ಸಂಜೆ ಆರಕ್ಕೆ ಅಕ್ಕ ರಿಜಿಸ್ಟರು ತೆರೆದರು. ಬೆರಳು ಇಳಿಯಿತು, ಹತ್ತಿತು, ದಿನಾ ದಾಟಿ ಹೋಗುತ್ತಿದ್ದ ಮೊದಲ ಸಾಲಿನಲ್ಲಿ ಅವತ್ತು ನಿಂತಿತು.

"ಒಂದು ಹೊರಗಿದೆ" ಅಂದರು.

"ಏನು ಹೊರಗಿದೆ ಅಕ್ಕ?"

"ಗೊತ್ತಿಲ್ಲ. ಒಂದು ಬಂದಿಲ್ಲ."

ಬಾಗಿಲಿನ ಚಿಲಕ ಹಾಕಲು ಬಿಡಲಿಲ್ಲ. ಜಪ್ಪಯ್ಯ ಅಂದರೂ ಬಿಡಲಿಲ್ಲ. ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು, ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಕಡೆ ನೋಡುತ್ತ ಕೂತರು. ಎರಡನೇ ದಿನವೂ ಹಾಗೇ, ಮೂರನೇ ದಿನವೂ ಹಾಗೇ. ಒಂದು ಹೊರಗಿದೆ, ಒಂದು ಹೊರಗಿದೆ. ಯಾರು ಎಂದು ತಿಳಿಯದ ಒಬ್ಬರಿಗಾಗಿ ಅಷ್ಟು ಚಡಪಡಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾಲ್ಕನೇ ದಿನ ಹನ್ನೊಂದು ಗಂಟೆಗೆ ಭಾವ ಬಂದರು. ಪಕ್ಕೆ ಹಿಡಿದುಕೊಂಡು, ಬಾಗಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಬಾಗಿಲಿಗೆ ಬಂದು, ಉಸಿರು ಸಾಲದೆ, ಚೌಕಟ್ಟಿಗೆ ಒರಗಿ ನಿಂತರು. ಅಕ್ಕ ತಲೆಯೆತ್ತಿ ನೋಡಿದರು. ತುಂಬ ಹೊತ್ತು ನೋಡಿದರು. ಕಾಲಿನಿಂದ ಮುಖದವರೆಗೆ, ಮೂಲೆಯಲ್ಲಿ ನಂಬರು ಹುಡುಕುವ ಹಾಗೆ. ಆಮೇಲೆ ಎದ್ದು ನಿಂತರು. ಕೆಂಪು ಪೆನ್ಸಿಲು ಕೈಗೆ ತೆಗೆದುಕೊಂಡು, ಮೊದಲ ಸಾಲಿನ ಮೇಲೆ, ಆ ಖಾಲಿ ಜಾಗವನ್ನೂ ಸೇರಿಸಿ, ಎಡದಿಂದ ಬಲಕ್ಕೆ ಒಂದು ಗೆರೆ ಎಳೆದರು. ಗೋಡೆ ಗಡಿಯಾರ ನೋಡಿ ಪಕ್ಕದಲ್ಲಿ ಹನ್ನೊಂದು ಎಂದು ಬರೆದರು. ಪುಸ್ತಕ ಮುಚ್ಚಿದರು.

"ಬಂತು" ಅಂದರು ನನಗೆ. "ಇನ್ನು ಬಾಗಿಲು ಹಾಕು."

ಭಾವ ಅಲ್ಲೇ ನಿಂತು ಗೊಳೋ ಎಂದು ಅತ್ತರು. ಹೊಲಿಗೆ ಬಿಚ್ಚುತ್ತದೆ, ಅಳಬೇಡಿ ಎಂದು ನಾನು ಬೈಯುತ್ತ ನಾನೂ ಅತ್ತೆ. ಅಕ್ಕ ನಮ್ಮಿಬ್ಬರ ನಡುವೆ ಆರಾಮಾಗಿ ನಿಂತಿದ್ದರು, ಕೆಲಸ ಮುಗಿದ ಸಂಜೆಗಳಲ್ಲಿ ನಿಲ್ಲುತ್ತಿದ್ದ ಹಾಗೆ.

ಮರುದಿನ ಬೆಳಿಗ್ಗೆ ಭಾವ ಮಂಚದಿಂದ ಎದ್ದು ಕೂತಾಗ ಅಕ್ಕ ಬಾಗಿಲಲ್ಲಿ ನಿಂತು, "ಯಾರು ಬೇಕಾಗಿತ್ತು?" ಎಂದು ಕೇಳಿದರು. ನಾನು ಟೀ ಸೋಸುತ್ತಿದ್ದೆ. ಭಾವ ರಿಜಿಸ್ಟರು ತೆಗೆದು, ಮೊದಲ ಪುಟ ಬಿಡಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ಅಕ್ಕನ ಮುಂದೆ ಹಿಡಿದರು.

ಅಕ್ಕ ಬಗ್ಗಿ ನೋಡಿದರು. ಗೆರೆಯ ಕೆಳಗಿನ ಅಕ್ಷರಗಳನ್ನು ಓದುವ ಗೋಜಿಗೆ ಹೋಗಲಿಲ್ಲ.

"ಇದಕ್ಕೆ ಗೆರೆ ಬಿದ್ದಿದೆಯಲ್ಲ" ಅಂದರು. "ಒಳಗೆ ಬಂದಾಗಿದೆ. ಇನ್ನೇನು ಹುಡುಕ್ತಿದೀರಿ?"